ಕಾಯುವವಳ ಹಲ್ಲು

"ಎತ್ತಬೇಡಿ! ಅದನ್ನ ಹಾಗೆಲ್ಲ ಎತ್ತೋ ಹಾಗಿಲ್ಲ!"

ಡಾಕ್ಟರು ಕುರ್ಚಿಯಿಂದ ಎದ್ದ ರಭಸಕ್ಕೆ ಪಕ್ಕದ ಸ್ಟೂಲಿನ ಮೇಲಿದ್ದ ನೀರಿನ ಲೋಟ ಉರುಳಿ ಬಿತ್ತು. ಅಷ್ಟರಲ್ಲಿ ನಿಧಾನಪ್ಪ 'ಕಾಯುವವಳ'ನ್ನು ನಿದ್ದೆಹೋದ ಮಗುವನ್ನು ಎತ್ತುವಂತೆ ಎರಡೂ ಕೈಗಳಲ್ಲಿ ಅವಚಿಕೊಂಡು ಎತ್ತಿಯಾಗಿತ್ತು.

"ಹಗುರ ಇದಾಳೆ," ಎಂದ ಅವನು. "ಒಳಗೆಲ್ಲ ಟೊಳ್ಳು. ನೋಡೋಕೆ ಮಾತ್ರ ಗಟ್ಟಿಗಿತ್ತಿ."

ಬಾಗಿಲ ಬಳಿ ನಿಂತಿದ್ದ ಹಲ್ಲಮ್ಮನಿಗೆ ಅಂಥ ಗಳಿಗೆಯಲ್ಲೂ ಒಂದು ಸಣ್ಣ ಸಂತೋಷವಾಯಿತು. ಯಾರೋ ಹೊರಗಿನ ಗಂಡಸು ಕಾಯುವವಳ ಸೊಂಟಕ್ಕೆ ಕೈಹಾಕಿದ್ದಾನೆ, ತನ್ನ ಗಂಡ ಡಾಕ್ಟರು ಅದನ್ನು ನೋಡಿ ಉರಿಯುತ್ತಿದ್ದಾನೆ. ಉರಿಯಲಿ. ಇಷ್ಟು ದಿನ ತಾನು ಉರಿದದ್ದರಲ್ಲಿ ಒಂದು ಕಿಡಿಯಾದರೂ ಅವನಿಗೆ ತಾಗಲಿ.

ಕಾಯುವವಳು ತಲೆಯಿಂದ ಸೊಂಟದವರೆಗಿನ ಹೆಂಗಸಿನ ಶಿಲ್ಪ. ಗಗನಯಾತ್ರಿಯ ದಪ್ಪನೆಯ ಬಿಳಿ ಉಡುಪು, ಎದೆಯ ಮೇಲೆ ತಾಮ್ರದ ಕೊಳವೆಗಳು, ಎರಡೂ ಕೈಗಳ ನಡುವೆ ಬಿರುಕುಬಿಟ್ಟ ಹೆಲ್ಮೆಟ್ಟು. ಯಾವುದೋ ಗ್ರಹದಲ್ಲಿ ಒಬ್ಬಳೇ ಉಳಿದುಹೋಗಿ, ಕರೆದೊಯ್ಯಲು ಬರಬೇಕಾದ ನೌಕೆಗಾಗಿ ಮುಖವೆತ್ತಿ ಕಾಯುತ್ತಿರುವವಳು. ತುಟಿ ತುಸುವೇ ತೆರೆದಿದೆ. ರೆಸಿನ್ ಎಂಬ, ಆರಿದರೆ ಕಲ್ಲಾಗುವ ಅಂಟಿನಲ್ಲಿ ಎರಕ ಹೊಯ್ದದ್ದು. ಆದರೆ ಅಳತೆಯೆಲ್ಲ ಜೀವಂತ ಹೆಂಗಸಿನದೇ.

ಅವಳನ್ನು ಮಾಡಿದ ಶಿಲ್ಪಿ ಎರಕದಣ್ಣ ಈಗ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಕಳೆದ ವಾರ ಅವನ ಕಾರ್ಖಾನೆಯಲ್ಲೇ ಯಾರೋ ಅವನ ತಲೆ ಒಡೆದಿದ್ದರು. ಪಕ್ಕದಲ್ಲಿ ಬಿದ್ದಿದ್ದದ್ದು ಕಾಯುವವಳ ಮುರಿದ ಬಲಗೈ. ಪೊಲೀಸರು ಅದನ್ನು ಹಿಡಿದುಕೊಂಡು ಡಾಕ್ಟರ ಮನೆಗೆ ಬಂದರೆ, ಇಲ್ಲಿ ಕಾಯುವವಳು ಎರಡೂ ಕೈ ನೆಟ್ಟಗಿಟ್ಟುಕೊಂಡು ಆಕಾಶ ನೋಡುತ್ತಿದ್ದಳು!

ಒಬ್ಬಳೇ ಇರಬೇಕಾದವಳು ಇಬ್ಬರಾಗಿದ್ದಳು. ಎರಕದಣ್ಣ ಯಾವ ಶಿಲ್ಪವನ್ನೂ ಎರಡನೆಯ ಸಲ ಹೊಯ್ಯುವವನಲ್ಲ. ಕೊಂಡವರ ಎದುರಿಗೇ ಸುತ್ತಿಗೆ ತೆಗೆದುಕೊಂಡು ಅಚ್ಚನ್ನು ಒಡೆದುಹಾಕುತ್ತಿದ್ದ. ಆ ಒಡೆದ ಅಚ್ಚಿನ ಒಂದು ಚೂರನ್ನು ಡಾಕ್ಟರು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಬಂದವರಿಗೆಲ್ಲ ತೋರಿಸುತ್ತಿದ್ದರು.

"ಟಾರ್ಚು ಹಿಡೀತೀರಾ ಸ್ವಲ್ಪ?" ನಿಧಾನಪ್ಪ ಕೇಳಿದ.

ಹಲ್ಲಮ್ಮನ ನಾದಿನಿ ಮುಂದೆ ಬಂದು ಟಾರ್ಚು ಹಿಡಿದಳು. ಅವಳೂ ಹಲ್ಲಿನ ವೈದ್ಯೆಯೇ. ಕೆಳಗಿನ ಕ್ಲಿನಿಕ್ಕಿನಲ್ಲಿ ಅಣ್ಣನದು ಒಂದು ಕುರ್ಚಿ, ತಂಗಿಯದು ಇನ್ನೊಂದು.

ಪೀಠಕ್ಕೆ ಹಸಿರು ಉಣ್ಣೆಯ ಬಟ್ಟೆ ಹೊದಿಸಿತ್ತು. ಬಹಳ ದಿನ ಒಂದೇ ಕಡೆ ಕೂತ ಭಾರಕ್ಕೆ ಬಟ್ಟೆ ಒತ್ತಿ, ಕಾಯುವವಳ ಬುಡದ ಗುರುತು ಅಚ್ಚೊತ್ತಿದಂತೆ ಉಳಿದಿತ್ತು. ನಿಧಾನಪ್ಪ ಶಿಲ್ಪವನ್ನು ಮತ್ತೆ ಅದರ ಮೇಲೆಯೇ ಇಳಿಸಿ, ಮೊಣಕಾಲೂರಿ ಕೂತು, ಸುತ್ತ ಬೆರಳಾಡಿಸಿದ. ಆಮೇಲೆ ಇನ್ನೊಂದು ಸುತ್ತು. ಆಮೇಲೆ ಸುಮ್ಮನೆ ನೋಡುತ್ತ ಕೂತುಬಿಟ್ಟ. ಅವನಿಗೆ ಆ ಹೆಸರಿಟ್ಟದ್ದು ಪೊಲೀಸಿನವರು. ಹಲ್ಲಮ್ಮನ ತಮ್ಮ ಗೊತ್ತುಮಾಡಿ ಕಳಿಸಿದ ಖಾಸಗಿ ಪತ್ತೇದಾರ ಅವನು. ಬಂದು ಎರಡು ದಿನವಾದರೂ ಇನ್ನೂ ಈ ಹಾಲ್ ದಾಟಿರಲಿಲ್ಲ.

"ಹೊಂದ್ತಾ ಇಲ್ಲ," ಎಂದ ಕೊನೆಗೆ. "ಗುರುತು ದೊಡ್ಡದು, ಇವಳು ಚಿಕ್ಕವಳು. ಸುತ್ತಲೂ ಒಂದು ಕಾಳಿನಷ್ಟು ಜಾಗ ಉಳೀತಿದೆ."

"ಬಟ್ಟೆ ಹಿಗ್ಗಿರಬೇಕು," ಎಂದರು ಡಾಕ್ಟರು.

"ಇರಬಹುದು ಸಾರ್." ನಿಧಾನಪ್ಪ ಹಲ್ಲಮ್ಮನ ಕಡೆ ತಿರುಗಿದ. "ನೀವು ಹೇಳಿ ತಾಯಿ. ಇಂಥ ವಸ್ತುವಿಂದ ಅಚ್ಚು ತೆಗೆದು ಇನ್ನೊಂದು ಹೊಯ್ದರೆ, ಅದು ಅಳತೆಗೆ ಅಳತೆ ಬರುತ್ತಾ?"

ಬರುತ್ತೆ ಎಂದುಬಿಡಬಹುದಾಗಿತ್ತು. ಆದರೆ ಕೆಲಸದ ವಿಷಯದಲ್ಲಿ ಸುಳ್ಳು ಹೇಳಲು ಅವಳ ನಾಲಿಗೆಗೆ ಬರುತ್ತಿರಲಿಲ್ಲ.

"ಬರಲ್ಲ. ಆರಿದ ಮೇಲೆ ಸ್ವಲ್ಪ ಕುಗ್ಗುತ್ತೆ. ಹೊಯ್ದಿದ್ದೆಲ್ಲ ಕುಗ್ಗುತ್ತೆ. ನಕಲು ಯಾವಾಗಲೂ ಒಂದು ಕೂದಲೆಳೆ ಚಿಕ್ಕದೇ."

"ಕೇಳಿದ್ರಲ್ಲ?" ಡಾಕ್ಟರು ಕೈ ಚೆಲ್ಲಿದರು. "ಈ ಮನೇಲಿ ಇದೆಲ್ಲ ಗೊತ್ತಿರೋದು ಇವಳೊಬ್ಬಳಿಗೇ. ನಾನು ಬಾಯಿಬಿಟ್ಟು ಹೇಳಬೇಕಾ?"

"ಅಣ್ಣಾ, ಅತ್ತಿಗೆ ಮೇಲೆ ಯಾಕೆ ಹಾರ್ತೀಯ?" ನಾದಿನಿ ರೇಗಿದಳು.

ಕ್ಲಿನಿಕ್ಕಿನ ಹಿಂದಿನ ಕೋಣೆ ಹಲ್ಲಮ್ಮನದು. ಕಟ್ಟಿಸುವ ಹಲ್ಲು, ಕ್ಯಾಪು, ಪೂರ್ತಿ ಸೆಟ್ಟು ಎಲ್ಲ ತಯಾರಾಗುತ್ತಿದ್ದದ್ದು ಅಲ್ಲಿ. ಬೀದಿಯವರೆಲ್ಲ ಪ್ರೀತಿಯಿಂದಲೋ ತಮಾಷೆಯಿಂದಲೋ ಹಲ್ಲಮ್ಮ ಎಂದು ಕರೆದು ಕರೆದು ಅದೇ ಹೆಸರು ನಿಂತುಬಿಟ್ಟಿತ್ತು. ಆ ಕೋಣೆಗೂ ಕ್ಲಿನಿಕ್ಕಿಗೂ ನಡುವೆ ಗೋಡೆಯಲ್ಲೊಂದು ಕಿಂಡಿ. ಆ ಕಡೆಯಿಂದ ಗಂಡನೋ ನಾದಿನಿಯೋ ರೋಗಿಯ ಬಾಯಿಯ ಅಳತೆ ತೆಗೆದು ತಟ್ಟೆಯಲ್ಲಿಡುತ್ತಾರೆ. ಈ ಕಡೆ ಅವಳು ಅದಕ್ಕೆ ಪ್ಲಾಸ್ಟರ್ ಹೊಯ್ದು, ಹಲ್ಲು ಕಟ್ಟಿ, ಅದೇ ಕಿಂಡಿಯಿಂದ ವಾಪಸು ಕೊಡುತ್ತಾಳೆ. ಊರಿನ ಅರ್ಧ ಜನರ ಬಾಯಿ ಅವಳಿಗೆ ಗೊತ್ತು. ಮುಖ ಒಂದೂ ಗೊತ್ತಿಲ್ಲ.

ಅಚ್ಚು ತೆಗೆಯುವ ರಬ್ಬರಿನ ಡಬ್ಬಿ ಇದ್ದದ್ದು ಆ ಕೋಣೆಯಲ್ಲೇ. ಅದು ಅರ್ಧಕ್ಕರ್ಧ ಖಾಲಿಯಾಗಿರುವುದನ್ನು ಇನ್‌ಸ್ಪೆಕ್ಟರು ಮೊನ್ನೆ ಕಂಡುಹಿಡಿದು, ಇನ್ನು ಅವಳು ಅಲ್ಲಿ ಕಾಲಿಡಕೂಡದು ಎಂದು ಹೇಳಿಹೋಗಿದ್ದರು. ಅವಳೇ ಅಚ್ಚು ತೆಗೆದು ನಕಲು ಮಾಡಿ ಇಲ್ಲಿಟ್ಟಳು. ಅಸಲನ್ನು ಎತ್ತಿಕೊಂಡು ಹೋಗಿ, ಮಾಡಿದವನ ತಲೆಯ ಮೇಲೇ ಒಡೆದಳು. ಇದು ಇನ್‌ಸ್ಪೆಕ್ಟರ ಲೆಕ್ಕ. ಇವತ್ತು ಸಂಜೆಯೊಳಗೆ ಬಂದು ಅವಳನ್ನು ಕರೆದೊಯ್ಯುವವರಿದ್ದರು.

ಕಾರಣ ಕೇಳಿದರೆ ಊರೇ ಹೇಳುತ್ತಿತ್ತು. ಕ್ಲಿನಿಕ್ಕಿನವರೆಲ್ಲ ಸೇರಿದ್ದ ಊಟದಲ್ಲಿ ಅವಳು ತಟ್ಟೆ ಕುಕ್ಕಿ, "ಒಂದಿನ ಆ ಮಿಟಕಲಾಡಿ ತಲೆ ಒಡೆದೇ ಒಡೀತೀನಿ!" ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಈಗ ಯಾರೂ ನಗುತ್ತಿರಲಿಲ್ಲ.

ನಗುವಂಥದ್ದೇನೂ ಇರಲಿಲ್ಲ ಕೂಡ. ಮೊದಲು ಬಂದದ್ದು ಹೊಟ್ಟೆಯೊಳಗೆ ದೀಪವಿರುವ ಒಂಟಿಕಾಲಿನ ಯಂತ್ರಮಾನವ. ಚೆನ್ನಾಗಿದೆ ಎಂದು ಅವಳೇ ಮೂಲೆಯಲ್ಲಿ ಜಾಗ ಮಾಡಿಕೊಟ್ಟಿದ್ದಳು. ಆಮೇಲೆ ಪುಸ್ತಕಗಳಿಗೆ ಒರಗು ಕೊಡುವ ಮೂರು ಕಣ್ಣಿನ ಪ್ರಾಣಿ. ಆಮೇಲೆ ಗೋಡೆ ಸೀಳಿಕೊಂಡು ಅರ್ಧ ಹೊರಗೆ ಬಂದಂತಿರುವ ಆಕಾಶನೌಕೆ. ಅದರ ಬಣ್ಣಕ್ಕೆ ಹೊಂದಲೆಂದು ಪರದೆ ಬೂದು ಬಣ್ಣದ್ದಾಯಿತು, ಸೋಫಾ ಕಪ್ಪಾಯಿತು, ಅವಳ ಹೊಲಿಗೆ ಮಿಷಿನ್ನು ಅಟ್ಟ ಸೇರಿತು.

ಕೊನೆಗೆ ಕಾಯುವವಳು ಬಂದಳು. ಅವತ್ತೇ ಗಂಡನ ಕುರ್ಚಿ ಕಿಟಕಿ ಬಿಟ್ಟು ಅವಳ ಕಡೆಗೆ ತಿರುಗಿತು. ಹಲ್ಲಮ್ಮ ಏನಾದರೂ ಹೇಳಿದರೆ ಅವರು "ಹ್ಞೂಂ" ಎನ್ನುತ್ತಿದ್ದದ್ದು ಆ ಮುಖ ನೋಡಿಕೊಂಡೇ.

"ನಿಜವಾದ ಸವತಿ ಆಗಿದ್ರೆ ಪಾತ್ರೆ ಆದ್ರೂ ತೊಳೀತಿದ್ಲು," ಎಂದಿದ್ದಳು ಒಮ್ಮೆ ನಾದಿನಿಯ ಹತ್ತಿರ. "ಇವಳಿಗೆ ನಾನೇ ದಿನಾ ಮೈ ಒರೆಸಬೇಕು."

ಧೂಳು ಹೊಡೆಯುವ ಕೆಲಸವನ್ನು ಮಾತ್ರ ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮೆತ್ತನೆಯ ಬ್ರಷ್ಷು ಹಿಡಿದು, ಕಣ್ಣಿನ ಅಂಚು, ಕಿವಿಯ ಸಂದು, ಬೆರಳ ಗೆರೆ ಎಲ್ಲವನ್ನೂ ದಿನಾ ನೋಡುತ್ತಿದ್ದಳು. ಗಂಡ ಏನು ನೋಡುತ್ತಾನೆ ಎಂದು ತಿಳಿಯಲು ಅವಳಿಗೆ ಬೇರೆ ದಾರಿ ಇರಲಿಲ್ಲ. ತುಟಿಯ ಸಂದಿನಲ್ಲಿ, ತೀರ ಹತ್ತಿರ ಬಗ್ಗಿದರೆ ಮಾತ್ರ ಕಾಣುವ ಮುಂದಿನ ಹಲ್ಲೊಂದು ಓರೆಯಾಗಿ ಮುರಿದಿತ್ತು. ಅದು ಕಂಡಾಗ ಮಾತ್ರ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಎಷ್ಟಾದರೂ ಮುರುಕು ಹಲ್ಲಿನವಳು.

"ಹಾಗಾದ್ರೆ ಇಲ್ಲಿರೋದು ನಕಲು," ಎಂದ ನಿಧಾನಪ್ಪ, ಮೊಣಕಾಲು ಹಿಡಿದುಕೊಂಡು ಏಳುತ್ತ. "ಅಸಲು ಯಾವಾಗ ಈ ಮನೆ ಬಿಟ್ಟಿರಬಹುದು?"

"ನಾವು ಹೋದ ತಿಂಗಳು ನನ್ನ ತಮ್ಮನ ಮನೇಲಿ ಒಂದು ವಾರ ಇದ್ವಿ," ಎಂದಳು ಹಲ್ಲಮ್ಮ. "ಬಂದಾಗಿಂದ ನಾನು ಧೂಳು ಹೊಡೆದಿಲ್ಲ. ಅಲ್ಲಿ ನಮ್ಮಿಬ್ಬರಿಗೂ ಜಗಳ ಆಯ್ತು. ಇನ್ನು ನಿಮ್ಮ ಬೊಂಬೆ ನೀವೇ ಒರೆಸಿಕೊಳ್ಳಿ ಅಂದುಬಿಟ್ಟೆ."

"ಆಗ ಮನೆ ಬೀಗದ ಕೈ ಯಾರ ಹತ್ರ ಇತ್ತು?"

"ನನ್ನ ಹತ್ರ," ಎಂದಳು ನಾದಿನಿ ಥಟ್ಟನೆ. "ಗಿಡಕ್ಕೆ ನೀರು ಹಾಕೋಕೆ ಬರ್ತಿದ್ದೆ, ಅಷ್ಟೇ."

ನಿಧಾನಪ್ಪ ಅವಳನ್ನು ನೋಡಿದ. ಆಮೇಲೆ ಗಿಡಗಳನ್ನು ನೋಡಿದ. ಆ ವಾರ ಒಣಗಿದ ಗಿಡಗಳು ಆಮೇಲೆ ಚಿಗುರಿರಲೇ ಇಲ್ಲ.

"ರೀ," ಹಲ್ಲಮ್ಮ ಗಂಡನಿಗೆ ಹೇಳಿದಳು. "ನಕಲು ಅಂತ ಗೊತ್ತಾಯ್ತಲ್ಲ. ಈಗ ಅದು ನನ್ನ ಕೈಕೆಲಸ ಹೌದೋ ಅಲ್ಲವೋ ನೋಡೋಣ. ನಿಮ್ಮ ಬಾಯಿ ಕನ್ನಡಿ ಕೊಡಿ."

ಡಾಕ್ಟರು ಅನುಮಾನಿಸಿಕೊಂಡೇ ಜೇಬಿನಿಂದ ಉದ್ದ ಹಿಡಿಯ ಪುಟ್ಟ ಕನ್ನಡಿ ತೆಗೆದುಕೊಟ್ಟರು. ಅವಳ ಸಣ್ಣ ಕೆಲಸದ ಕನ್ನಡಕ ಕೆಳಗಿನ ಕೋಣೆಯಲ್ಲೇ ಉಳಿದಿತ್ತು. ನಿಧಾನಪ್ಪ ತನ್ನದನ್ನು ಬಿಚ್ಚಿಕೊಟ್ಟ. ಮೂಗಿನ ಮೇಲೆ ಅದು ಜಾರುತ್ತಿತ್ತು.

ಮೊದಲು ಬೆರಳುಗಳನ್ನು ನೋಡಿದಳು. ಉಗುರಿನ ಬುಡದಲ್ಲಿ, ಕೊಳವೆಗಳ ತಿರುವಿನಲ್ಲಿ, ಕಿವಿಯ ಹಿಂದೆ ಎಲ್ಲೆಲ್ಲೂ ಸಾಸಿವೆಯಂಥ ಗುಳ್ಳೆಗಳು.

"ಥೂ!" ಎಂದಳು. "ಎಷ್ಟು ಗುಳ್ಳೆ! ಗಾಳಿ ಹೊರಗೆ ಹೋಗೋಕೆ ದಾರಿನೇ ಬಿಟ್ಟಿಲ್ಲ. ಪಕ್ಕದಲ್ಲಿ ನಿಂತು ನೋಡಿ ಕಲಿತವರ ಕೆಲಸ ಇದು, ಮಾಡಿ ಕಲಿತವರದಲ್ಲ. ಇಂಥದ್ದನ್ನ ನಾನು ಮಾಡಿದ್ರೆ ಇಷ್ಟು ಹೊತ್ತಿಗೆ ಊರಿನವರ ಒಸಡೆಲ್ಲ ಹುಣ್ಣಾಗಿರೋದು."

ನಿಧಾನಪ್ಪ ನಕ್ಕ. "ಬಾಯೊಳಗೂ ನೋಡಿಬಿಡಿ ತಾಯಿ. ನಮ್ಮಪ್ಪ ದನ ಕೊಳ್ಳೋಕೆ ಹೋದ್ರೆ ಮೊದಲು ಬಾಯಿ ತೆಗೆಸಿ ನೋಡ್ತಿದ್ದ. ಮಾರೋನ ಬಾಯಲ್ಲ, ದನದ ಬಾಯಿ."

ಹಲ್ಲಮ್ಮ ಬಗ್ಗಿ, ಕನ್ನಡಿಯನ್ನು ಕಾಯುವವಳ ತುಟಿಯ ಸಂದಿಗೆ ಹಿಡಿದಳು. ನಾದಿನಿಯ ಟಾರ್ಚಿನ ಬೆಳಕು ಕನ್ನಡಿಗೆ ಬಿದ್ದು ಒಳಕ್ಕೆ ಹಾಯಿತು.

ಅವಳು ಕನ್ನಡಿ ತಿರುಗಿಸಿ ಇನ್ನೊಮ್ಮೆ ನೋಡಿದಳು.

ಮುರುಕು ಹಲ್ಲು ಇರಲಿಲ್ಲ.

ಅದರ ಜಾಗದಲ್ಲಿ ಇಡೀ ಹಲ್ಲೊಂದಿತ್ತು. ಹೊರಗಿನ ಮೂಲೆಯಲ್ಲಿ ಒಂದು ಸಣ್ಣ ಸವೆತ. ಪಕ್ಕದ ಹಲ್ಲಿನ ಮೇಲೆ ಎಳ್ಳಷ್ಟೇ ವಾಲಿಕೊಂಡಿತ್ತು, ಅಕ್ಕನ ಭುಜಕ್ಕೆ ತಲೆಯಿಟ್ಟ ತಂಗಿಯಂತೆ. ಆ ವಾಲು, ಆ ಸವೆತ. ಬೇರೆಯವರು ಕ್ಯಾಪನ್ನು ತೀಡಿ ತೀಡಿ ನೆಟ್ಟಗೆ ನಿಲ್ಲಿಸುತ್ತಾರೆ. ತೀರ ನೆಟ್ಟಗಿರುವ ಹಲ್ಲೇ ಕಟ್ಟಿಸಿದ್ದೆಂದು ಸಾರಿ ಹೇಳುತ್ತದೆ ಎಂಬುದು ಹಲ್ಲಮ್ಮನ ನಂಬಿಕೆ. ಅದಕ್ಕೇ ಅವಳು ಪ್ರತಿಯೊಂದಕ್ಕೂ ಏನಾದರೊಂದು ಐಬು ಕೊಟ್ಟು ಕಳಿಸುತ್ತಿದ್ದಳು. ಈ ಐಬು ಕೊಡಲು ಒಂದಿಡೀ ಮಧ್ಯಾಹ್ನ ಕೂತದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

"ಈ ಹಲ್ಲು ನಂದು," ಎಂದಳು.

"ಏನಂದೆ?" ಡಾಕ್ಟರು ಹತ್ತಿರ ಬಂದರು.

"ಬೊಂಬೆ ನಂದಲ್ಲ. ಹಲ್ಲು ನಂದು. ಹೋದ ತಿಂಗಳು, ಊರಿಗೆ ಹೋಗೋ ಮುಂಚೆ ಕಟ್ಟಿದ್ದು. ಬೊಂಬೆಗಲ್ಲ ರೀ. ಒಬ್ಬಳು ಹೆಂಗಸಿಗೆ. ಅವಳ ಮುಂದಿನ ಹಲ್ಲು ಓರೆಯಾಗಿ ಮುರಿದಿತ್ತು." ಕನ್ನಡಕ ತೆಗೆದು ಗಂಡನ ಮುಖವನ್ನೇ ನೋಡಿದಳು. "ಈ ಮುಖ ಯಾರದು?"

"ಯಾರದೂ ಅಲ್ಲ. ಬೊಂಬೆ ಕಣೇ."

"ಬೊಂಬೆಗೆ ಯಾರಾದ್ರೂ ಮುರುಕು ಹಲ್ಲು ಮಾಡ್ತಾರಾ? ಅವನು ನೋಡಿ ಮಾಡಿದ್ದು. ಯಾರನ್ನ ನೋಡಿ?"

"ನಿಂಗೆ ತಲೆ ಕೆಟ್ಟಿದೆ. ಒಂದು ಎರಕದ ತುಂಡಿನ ಮೇಲೆ ಹೊಟ್ಟೆಕಿಚ್ಚು ಪಡೋಳು ನೀನೊಬ್ಬಳೇ ಇರಬೇಕು ಈ ಭೂಮಿ ಮೇಲೆ."

"ಪಟ್ಟಿದ್ದು ಪಟ್ಟೆ. ಸುಳ್ಳು ಅನ್ನಲ್ಲ. ಸಂಜೆ ಪೊಲೀಸಿನವರು ನನ್ನ ಕೈ ಹಿಡಿದು ಎಳೀತಾರೆ. ಅದಕ್ಕೂ ಮೊದಲು ಯಾರ ಸಲುವಾಗಿ ಅನ್ನೋದನ್ನಾದ್ರೂ ಹೇಳಿ."

ಡಾಕ್ಟರು ಕುರ್ಚಿಯಲ್ಲಿ ಕುಸಿದರು. ಬೇಕೆಂದಲ್ಲ, ರೂಢಿಯಿಂದ ಅವರ ಕಣ್ಣು ಕಾಯುವವಳ ಕಡೆಗೇ ಹೋಯಿತು.

"ಎರಕದಣ್ಣನ ಹೆಂಡತಿ," ಎಂದರು.

"ಹೊಳೆ ಪಾಲಾದವಳಾ?" ನಿಧಾನಪ್ಪ ಮೆಲ್ಲಗೆ ಕೇಳಿದ. "ದಂಡೆ ಮೇಲೆ ಚಪ್ಪಲಿ ಸಿಕ್ಕಿತ್ತು, ಹೆಣ ಸಿಗಲಿಲ್ಲ ಅಂತಾರಲ್ಲ, ಅವಳಾ?"

"ಅವಳೇ. ಅವಳು ಹೋದ ಮೇಲೆ ಅವನು ಇದನ್ನ ಮಾಡಿದ." ಡಾಕ್ಟರು ಶಿಲ್ಪದಿಂದ ಕಣ್ಣು ತೆಗೆಯಲಿಲ್ಲ. "ಅವನಿಗಿಂತ ಮೊದಲು ಅವಳನ್ನ ನೋಡಿದ್ದು ನಾನು. ಕಾಲೇಜಿನ ದಿನಗಳಲ್ಲಿ. ಅವಳು ಅವನ ಕೈಕೆಲಸಕ್ಕೆ ಮರುಳಾಗಿ ಅವನ ಹಿಂದೆ ಹೋದಳು. ಅವನ ಕಾರ್ಖಾನೇಲಿ ಏನೇ ಹೊಸದು ಕಂಡರೂ ನಂಗೆ ಮೈಯೆಲ್ಲ ಉರಿಯೋದು. ಒಂದೊಂದೇ ಕೊಂಡು ತಂದೆ. ಅವನ ಮನೆ ಖಾಲಿ ಮಾಡಬೇಕು ಅನ್ನೋ ಹಟ. ಕೊನೆಗೆ ಇವಳನ್ನೂ ತಂದೆ."

ಒಂಟಿಕಾಲಿನ ಯಂತ್ರಮಾನವನ ಹೊಟ್ಟೆಯೊಳಗೆ ದೀಪ ಸಣ್ಣಗೆ ಗುಂಯ್ಗುಟ್ಟುತ್ತಿತ್ತು. ಹಲ್ಲಮ್ಮ ಸುತ್ತ ನೋಡಿದಳು. ಬೂದು ಪರದೆ, ಕಪ್ಪು ಸೋಫಾ, ಮೂರು ಕಣ್ಣಿನ ಪ್ರಾಣಿ. ಮನೆಯ ಅಲಂಕಾರವೆಂದು ಅವಳು ತಿಳಿದದ್ದೆಲ್ಲ ಗಂಡನ ಹೊಟ್ಟೆಯುರಿಯಾಗಿತ್ತು. ಆ ಉರಿಯಲ್ಲಿ ಅವಳಿಗೆ ಮೂಲೆಯಷ್ಟೂ ಜಾಗವಿರಲಿಲ್ಲ.

"ಆ ಹಲ್ಲು ಯಾವಾಗ ಮುರೀತು ಸಾರ್?" ನಿಧಾನಪ್ಪ ಕೇಳಿದ.

"ಕಾಲೇಜಲ್ಲಿ ಮುರಿದಿರಲಿಲ್ಲ," ಎಂದರು ಡಾಕ್ಟರು. "ಮದುವೆ ಆದ ಮೇಲೆ."

ನಾದಿನಿಯ ಕೈಯಲ್ಲಿ ಟಾರ್ಚು ಅಲುಗಿತು. ಗೋಡೆಯ ಮೇಲಿನ ಆಕಾಶನೌಕೆಯ ನೆರಳು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

ನಿಧಾನಪ್ಪ ತನ್ನ ಕನ್ನಡಕ ವಾಪಸು ಪಡೆದು, ಅಂಗಿಯ ತುದಿಯಿಂದ ಒರೆಸತೊಡಗಿದ. "ನಂಗೆ ಒಂದೇ ಅರ್ಥ ಆಗ್ತಿಲ್ಲ. ನಕಲು ಮಾಡೋರು ಇದ್ದದ್ದನ್ನ ಇದ್ದ ಹಾಗೇ ಮಾಡ್ತಾರೆ. ಸಿಕ್ಕಿಬೀಳಬಾರದಲ್ಲ? ಇವರು ಮಾತ್ರ ಕೂತುಕೊಂಡು ಹಲ್ಲು ರಿಪೇರಿ ಮಾಡಿದಾರೆ. ಒಂದು ಬೊಂಬೆ ಮುಖದಲ್ಲಿ ಮುರುಕು ಹಲ್ಲು ಇದ್ರೆ ಯಾರಿಗೆ ಸಹಿಸೋಕಾಗಲ್ಲ ತಾಯಿ?"

"ಅದು ಯಾರ ಮುಖವೋ ಅವರಿಗೆ," ಎಂದಳು ಹಲ್ಲಮ್ಮ.

ಹೇಳಿದ ಮೇಲೆಯೇ ತಾನು ಹೇಳಿದ್ದು ಏನೆಂದು ಅವಳಿಗೆ ತಿಳಿದದ್ದು. ಗಂಡನಿಗೂ ಆಗಲೇ ತಿಳಿಯಿತು.

ಡಾಕ್ಟರು ಎದ್ದು ನಿಂತರು. ಅವರ ಮುಖ ನೋಡನೋಡುತ್ತ ಬೆಳಗಿತು. ಅವಳು ಅಂಥ ಬೆಳಕನ್ನು ಆ ಮುಖದ ಮೇಲೆ ಕಂಡೇ ಇರಲಿಲ್ಲ, ತಾಳಿ ಕಟ್ಟಿದ ದಿನವೂ. ಎರಕದಣ್ಣನನ್ನು ಹೊಡೆದವರು ಯಾರು ಎಂದು ಅವರು ಕೇಳಲಿಲ್ಲ. ನಿನ್ನ ಮೇಲಿನ ಆರೋಪ ತಪ್ಪಿತಲ್ಲ ಎನ್ನಲಿಲ್ಲ.

"ಬದುಕಿದಾಳಾ?" ಎಂದರು. "ಎಲ್ಲಿದಾಳೆ?"

ಹಲ್ಲಮ್ಮ ಸತ್ತವಳ ಮೇಲೆ ಇಷ್ಟು ದಿನ ಉರಿದಿದ್ದಳು. ಈಗ ಅವಳು ಬದುಕಿದ್ದಳು. ಮುರುಕು ಹಲ್ಲಿನವಳೂ ಆಗಿರಲಿಲ್ಲ. ಅವಳ ನಗುವನ್ನು ಎಳ್ಳಷ್ಟೂ ಊನವಿಲ್ಲದಂತೆ ಕಟ್ಟಿಕೊಟ್ಟವಳು ತಾನೇ.

"ಆ ಅಳತೆ ನಿಮಗೆ ತಂದುಕೊಟ್ಟಿದ್ದು ಯಾರು?" ನಿಧಾನಪ್ಪ ಕೇಳಿದ.

ನೆನಪಾಯಿತು. ಆವತ್ತು ತಟ್ಟೆ ಕಿಂಡಿಯಿಂದ ಬಂದಿರಲಿಲ್ಲ. ನಾದಿನಿ ಹಿಂದಿನ ಬಾಗಿಲಿನಿಂದ ಸುತ್ತಿ ಬಂದು ಕೈಗೇ ಕೊಟ್ಟಿದ್ದಳು. 'ನನ್ನ ಗೆಳತೀದು ಅತ್ತಿಗೆ, ಪಾಪ. ಅಣ್ಣನಿಗೆ ಹೇಳಬೇಡಿ, ಬಿಟ್ಟಿ ಕೆಲಸ ಯಾಕೆ ಮಾಡ್ತೀಯ ಅಂತ ಬೈತಾನೆ.' ಈ ಮನೆಯಲ್ಲಿ ಅವಳ ಪರವಾಗಿ ಒಂದು ಮಾತಾಡುವ ಒಂದೇ ಒಂದು ಜೀವ ನಾದಿನಿ. ಜ್ವರ ಬಂದಾಗ ಹಣೆ ಮುಟ್ಟಿ ನೋಡುವವಳು.

ನಾದಿನಿ ಅವಳನ್ನೇ ನೋಡುತ್ತಿದ್ದಳು. ಬೇಡ ಅತ್ತಿಗೆ ಎಂದು ಕಣ್ಣು ಹೇಳುತ್ತಿತ್ತು.

ಹಲ್ಲಮ್ಮ ಕನ್ನಡಿಯನ್ನು ಗಂಡನಿಗೆ ವಾಪಸು ಕೊಟ್ಟಳು. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಇನ್‌ಸ್ಪೆಕ್ಟರು ಒಳಗೆ ಬಂದರು. ಹಿಂದೆ ಒಬ್ಬ ಮಹಿಳಾ ಪೇದೆ. "ಏನು ನಿಧಾನಪ್ಪ, ಇನ್ನೂ ಹಾಲ್‌ನಲ್ಲೇ ಇದೀರಾ?" ಎಂದು ನಕ್ಕು, ಹಲ್ಲಮ್ಮನ ಕಡೆ ತಿರುಗಿ ದನಿ ತಗ್ಗಿಸಿದರು. "ಹೊರಡೋಣ್ವಾಮ್ಮ?"

"ಸ್ವಲ್ಪ ತಡೀರಿ," ಎಂದಳು ಅವಳು. "ಇದು ನಕಲು, ಮಾಡಿದ್ದು ನಾನಲ್ಲ. ಈ ಮುಖದ ಹೆಂಗಸು ಬದುಕಿದಾಳೆ. ರೀ, ನೀವೇ ಹೇಳಿ, ಈಗ ಮಾತಾಡಿದ್ದನ್ನೆಲ್ಲ ಹೇಳಿ."

ಡಾಕ್ಟರು ಕಾಯುವವಳ ಪಕ್ಕದಲ್ಲಿ ನಿಂತಿದ್ದರು. ಒಂದು ಕೈ ಅವಳ ಭುಜದ ಮೇಲಿತ್ತು. ಗಂಡನ ಯೋಚನೆ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಹಲ್ಲಮ್ಮ ಕಣ್ಣಾರೆ ಕಂಡಳು. ಬದುಕಿರುವವಳು ಎಂದರೆ ಪೊಲೀಸರು ಹುಡುಕಬೇಕಾದವಳು. ಎರಕದಣ್ಣನ ತಲೆ ಒಡೆಯಲು ಅವಳಿಗಿಂತ ಹೆಚ್ಚಿನ ಕಾರಣ ಇನ್ಯಾರಿಗಿತ್ತು?

"ಏನೂ ಇಲ್ಲ ಸಾರ್," ಎಂದರು ಡಾಕ್ಟರು. "ಬೊಂಬೆಯ ಹಲ್ಲು ತನ್ನ ಕೈಕೆಲಸ ಅಂತ ಇವಳೇ ಒಪ್ಪಿಕೊಂಡಳು. ಇವರ ಎದುರಿಗೇ."

ಹಲ್ಲಮ್ಮ ನಾದಿನಿಯ ಕಡೆ ನೋಡಿದಳು. ನಾದಿನಿ ಟಾರ್ಚು ಆರಿಸಿ, ಅದರ ಗುಂಡಿಯನ್ನೇ ನೋಡುತ್ತ ನಿಂತಿದ್ದಳು.

"ಡಾಕ್ಟ್ರು ಹೇಳಿದ್ದರಲ್ಲಿ ಅರ್ಧ ಸರಿ ಇದೆ," ಎಂದ ನಿಧಾನಪ್ಪ. "ಉಳಿದ ಅರ್ಧ ನಾನು ಹೇಳ್ತೀನಿ ಇನ್‌ಸ್ಪೆಕ್ಟ್ರೇ. ಆದ್ರೆ ನನ್ನ ಮಾತು ಮುಗಿಯೋಕೆ ಎಷ್ಟು ಹೊತ್ತು ಬೇಕು ಅಂತ ನಿಮಗೆ ಗೊತ್ತೇ ಇದೆ. ಕೂತ್ಕೊಳ್ಳಿ."

ಪ್ಲಾಸ್ಟರ್! ಹಲ್ಲಮ್ಮನ ತಲೆಗೆ ಆಗ ಹೊಳೆಯಿತು. ಪ್ರತಿ ಬಾಯಿಗೂ ಅವಳು ಎರಡು ಹೊಯ್ಯುತ್ತಿದ್ದಳು. ಒಂದು ಕೊಯ್ದು ಕೆಲಸ ಮಾಡಲು, ಇನ್ನೊಂದು ಇಡಿಯಾಗಿ ಉಳಿಸಿಕೊಳ್ಳಲು. ಕೊಯ್ದದ್ದು ಹಲ್ಲಿನ ಜೊತೆಗೆ ನಾದಿನಿಯ ಕೈಸೇರಿತ್ತು. ಇಡಿಯದ್ದು ಕೋಣೆಯ ಗೂಡಿನಲ್ಲೇ ಇತ್ತು. ಬೊಂಬೆಗೆ ಯಾರೂ ಬಾಯಿಯ ಅಳತೆ ತೆಗೆಯುವುದಿಲ್ಲ. ಅಂಗುಳ, ಒಸಡು, ದವಡೆಯ ಹಲ್ಲು ಎಲ್ಲ ಇರುವ ಆ ಪ್ಲಾಸ್ಟರನ್ನು ತಂದು ಇನ್‌ಸ್ಪೆಕ್ಟರ ಕೈಗಿಟ್ಟರೆ, ಅದು ಜೀವ ಇರುವ ಹೆಂಗಸಿನದು ಎಂದು ಕುರುಡನೂ ಒಪ್ಪಬೇಕು.

ಬಾಯಿಬಿಟ್ಟು ಹೇಳಿದರೆ ಗಂಡನೇ ಮೊದಲು ಓಡಿ ಒಡೆಯುತ್ತಾನೆ.

"ನನ್ನ ಕನ್ನಡಕ ಕೆಳಗಿದೆ," ಎಂದಳು ಇನ್‌ಸ್ಪೆಕ್ಟರಿಗೆ. "ಅದಿಲ್ದೆ ನಂಗೆ ಹತ್ತಿರದ್ದು ಏನೂ ಕಾಣಲ್ಲ. ತಗೊಂಡು ಬರಲಾ?"

ನಾದಿನಿ ತಟಕ್ಕನೆ ತಲೆಯೆತ್ತಿದಳು. "ಬೇಡ ಅತ್ತಿಗೆ, ನಾನು ತಂದುಕೊಡ್ತೀನಿ!"

"ಅವರೇ ಹೋಗಲಿ ಬಿಡಿ," ಎಂದ ನಿಧಾನಪ್ಪ. "ನೀವು ಕೂತ್ಕೊಳ್ಳಿ ತಂಗಿ. ಗಿಡದ ವಿಷಯ ಒಂಚೂರು ಮಾತಾಡೋದಿದೆ."

ಇನ್‌ಸ್ಪೆಕ್ಟರು ಹೂಂ ಎಂದು ಪೇದೆಗೆ ಸನ್ನೆ ಮಾಡಿದರು; ಪೇದೆ ಮೆಟ್ಟಿಲ ತುದಿಯಲ್ಲೇ ನಿಂತಳು. ಹಲ್ಲಮ್ಮ ಇಳಿದಳು. ಕ್ಲಿನಿಕ್ಕಿನ ಎರಡು ಕುರ್ಚಿಗಳನ್ನು ದಾಟಿ, ತನ್ನ ಕೋಣೆಯ ಬಾಗಿಲು ತಳ್ಳಿದಳು. ಮೇಣದ, ಪ್ಲಾಸ್ಟರಿನ ಹಳೆಯ ವಾಸನೆ ಮೂಗಿಗೆ ಬಡಿಯಿತು. ಮೊನ್ನೆಯಿಂದ ಈ ಕಡೆ ಬಂದಿರಲಿಲ್ಲ. ಆದರೂ ಕಿಟಕಿಯ ಪರದೆ ಎಳೆದಿತ್ತು, ಓಣಿಯ ಕಡೆಯ ಬಾಗಿಲಿನ ಬೀಗದಲ್ಲಿ ನಾದಿನಿಯ ಕೀಲಿಕೈ ನೇತಾಡುತ್ತಿತ್ತು.

ಗೂಡಿನ ಮೂರನೆಯ ಸಾಲಿಗೆ ಕೈ ಹಾಕಿದಳು. ಪ್ಲಾಸ್ಟರ್ ಇರಬೇಕಾದ ಜಾಗ ಖಾಲಿ.

"ಇದನ್ನೇ ಹುಡುಕ್ತಿದ್ದೀರಾ ಅಕ್ಕಾ?"

ದನಿ ಬಂದದ್ದು ಅವಳ ಕೆಲಸದ ಮೇಜಿನ ಹಿಂದಿನಿಂದ. ಅವಳದೇ ಸ್ಟೂಲಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ತೊಡೆಯ ಮೇಲೆ, ಎರಡೂ ಕೈಗಳ ನಡುವೆ ಆ ಪ್ಲಾಸ್ಟರ್. ಹೆಂಗಸು ಹೆದರಿಕೊಂಡೇ ನಕ್ಕಳು. ಹಲ್ಲಮ್ಮ ಮುಖವನ್ನು ಆಮೇಲೆ ನೋಡಿದಳು; ಮೊದಲು ಕಂಡದ್ದು ಹಲ್ಲು. ಮೂಲೆಯಲ್ಲಿ ಸಣ್ಣ ಸವೆತ. ಅಕ್ಕನ ಭುಜಕ್ಕೆ ತಲೆಯಿಟ್ಟ ತಂಗಿ.

ಚೆನ್ನಾಗಿ ಕೂತಿತ್ತು. ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಅವಳಿಗೆ ಅಳು ಬಂತು.

ಕೂಗಿದರೆ ಸಾಕಿತ್ತು. ಒಂದೇ ಕೂಗಿಗೆ ಪೇದೆ, ಇನ್‌ಸ್ಪೆಕ್ಟರು, ನಿಧಾನಪ್ಪ ಎಲ್ಲರೂ ಇಳಿದು ಬರುತ್ತಿದ್ದರು. ಅವಳ ಮೇಲಿನ ಆರೋಪ ಅಲ್ಲೇ ಬಿದ್ದುಹೋಗುತ್ತಿತ್ತು. ಆದರೆ ಎಲ್ಲರಿಗಿಂತ ಮೊದಲು ಓಡಿ ಬರುವವನು ಯಾರು ಎಂಬುದೂ ಅವಳಿಗೆ ಗೊತ್ತಿತ್ತು. ಬಂದವನ ಮುಖ ಹೇಗೆ ಬೆಳಗುತ್ತದೆ ಎಂಬುದನ್ನೂ ಈಗಷ್ಟೇ ನೋಡಿ ಬಂದಿದ್ದಳು.

ಮೇಲಿನಿಂದ ಗಂಡನ ದನಿ ಕೇಳಿತು. "ಕನ್ನಡಕ ಸಿಕ್ತೇನೇ?"

ಆ ದನಿಗೆ ಸ್ಟೂಲಿನ ಮೇಲಿದ್ದವಳು ತಟ್ಟನೆ ಮುಖವೆತ್ತಿ ಮೇಲೆ ನೋಡಿದಳು. ತುಟಿ ತುಸುವೇ ತೆರೆಯಿತು.

"ಇನ್ನೂ ಇಲ್ಲ," ಎಂದು ಹಲ್ಲಮ್ಮ ಕೂಗಿ ಹೇಳಿದಳು. ಹಿಂದಕ್ಕೆ ಕೈಚಾಚಿ, ಸದ್ದಾಗದಂತೆ ಬಾಗಿಲ ಚಿಲಕ ಹಾಕಿದಳು.